ಹುತ್ತದಾಗ ಕೈ ಇಟ್ಟಾಕಿ

(ಧಾರವಾಡ. ಶ್ರಾವಣದ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಅತ್ತೆ ಹೂಬತ್ತಿ ಹೊಸೆಯುತ್ತಿದ್ದಾರೆ. ಮಾವ ನಲವತ್ತು ವರ್ಷ ವಕೀಲಿಕೆ ಮಾಡಿ ಬಿಟ್ಟವರು. ಸೊಸೆ ಮೈಸೂರಿನವಳು, ಜಾನಪದ ಓದಿದವಳು. ಅತ್ತೆ ಹೇಳಿದ ಕತೆಗಳನ್ನು ಬರೆದಿಟ್ಟುಕೊಂಡ ಹಾಳೆಗಳನ್ನು ಸುತ್ತ ಹರಡಿಕೊಂಡು ಕೂತಿದ್ದಾಳೆ.)

ಅತ್ತೆ: ನನ್ನ ಕತಿ ತಲಿ ಮ್ಯಾಲ ಕೆಂಪು ಶಾಯಿಲೆ ಅದೇನವಾ ಬರದಿ?

ಸೊಸೆ: ಅದೊಂದು ನಂಬರು, ಅತ್ತೆ. ಕೆ 1513. ಅಮೆರಿಕದ ಸ್ಟಿತ್ ಥಾಂಪ್ಸನ್ ಅನ್ನೋ ವಿದ್ವಾಂಸರು ಲೋಕದ ಕತೆಗಳಲ್ಲಿ ಮತ್ತೆಮತ್ತೆ ಬರೋ ಸಂಗತಿಗಳನ್ನೆಲ್ಲ ಹೆಕ್ಕಿ ದೊಡ್ಡ ಸೂಚಿ ಮಾಡಿದರು. 1932ರಿಂದ 36ರವರೆಗೆ ಆರು ಸಂಪುಟ ಬಂತು, ಇಪ್ಪತ್ತು ವರ್ಷದ ಮೇಲೆ ಅದನ್ನೇ ತಿದ್ದಿ ಬೆಳೆಸಿದರು. ನಾವು ಕನ್ನಡದಲ್ಲಿ ‘ಆಶಯ’ ಅಂತೀವಲ್ಲ, ಅದರ ಪಟ್ಟಿ. ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಅಧ್ಯಾಯ. ಬಿ ಅಂದರೆ ಪ್ರಾಣಿಗಳು, ಡಿ ಅಂದರೆ ಮಾಯೆ, ಎಚ್ ಅಂದರೆ ಪರೀಕ್ಷೆಗಳು.

ಅತ್ತೆ: ಕೆ ಅಂದ್ರ?

ಸೊಸೆ: ವಂಚನೆಗಳು. 1513 ಅಂದರೆ ‘ಹೆಂಡತಿಯ ಎರಡರ್ಥದ ಆಣೆ’.

ಅತ್ತೆ: (ಬತ್ತಿ ಕೆಳಗಿಟ್ಟು) ನನ್ನ ಕತಿಯೊಳಗಿನ ಹುಡುಗಿ ಯಾರಿಗೆ ವಂಚನಿ ಮಾಡ್ಯಾಳ?

ಮಾವ: ಯಾವ ಕತಿ ಅದು?

ಅತ್ತೆ: ನಮ್ಮವ್ವ ಹೇಳತಿದ್ದದ್ದು. ಗಂಡ ಮಧ್ಯಾಹ್ನ ಬಂದು ಉಂಡು, ಹೆಂಡತಿನ್ನ ಒಳಗ ಹಾಕಿ ಕೀಲಿ ಜಡದು ಸೂಳಿ ಮನಿಗೆ ಹೋಗಾಂವ. ಮುದುಕಿಯೊಬ್ಬಾಕಿ ಬೇರು ಕೊಟ್ಲು, ತೇದು ಕುಡಸು, ಗಂಡ ಒಲೀತಾನ ಅಂತ. ಸಾರಿನಾಗ ಹಾಕಿದ ಕೂಡಲೇ ಸಾರೆಲ್ಲ ಕೆಂಪಗಾತು. ಹುಡುಗಿ ಅಂಜಿ ಅದನ್ನ ಹುತ್ತಕ್ಕ ಸುರದು ಬಂದ್ಲು. ಒಳಗಿದ್ದ ನಾಗಪ್ಪ ಕುಡದ, ಅಂವ ಒಲದ. ದಿನಾ ರಾತ್ರಿ ಗಂಡನ ರೂಪದಾಗ ಬರಾಕ ಹತ್ತಿದ. ಬಸರಾದ್ಲು. ಖರೇ ಗಂಡ, ‘ನಾ ಮುಟ್ಟೇ ಇಲ್ಲ, ಇದು ಯಾರದು’ ಅಂತ ಊರ ಮುಂದ ಎಳದ. ಪಂಚರು ಕೂತ್ರು. ಅಕಿ ಹುತ್ತದಾಗ ಕೈ ಇಟ್ಟು ನಾಗರಹಾವು ಹಿಡಕೊಂಡು, ಗಂಡನ್ನ ಮತ್ತ ಈ ಹಾವಿನ್ನ ಬಿಟ್ಟು ಮತ್ತ್ಯಾರನ್ನೂ ಈ ಕೈ ಮುಟ್ಟಿಲ್ಲ ಅಂದ್ಲು. ಹಾವು ಕಚ್ಚಲಿಲ್ಲ. ಅಕಿ ತಲಿ ಮ್ಯಾಲ ಹೆಡಿ ಬಿಚ್ಚಿ ಆಡಿತು.

ಮಾವ: ಇದು ‘ನಾಗಮಂಡಲ’ ಅಲ್ಲೇನು?

ಸೊಸೆ: ಅದೇ, ಮಾವ. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಪಾಠ ಹೇಳ್ತಿದ್ದಾಗಿಂದ ಈ ಸೀಮೆಯ ಕತೆ ಕೂಡಿಸಿಕೊಂಡು ಬಂದರು. ಅವರಿಂದ ಕೇಳಿದ್ದನ್ನ ಕಾರ್ನಾಡರು 1988ರಲ್ಲಿ ನಾಟಕ ಮಾಡಿದರು. ರಾಮಾನುಜನ್ ತೀರಿಕೊಂಡಿದ್ದು 1993ರಲ್ಲಿ. ಅವರು ಕೂಡಿಸಿದ್ದರಲ್ಲಿ 77 ಕತೆಗಳು 1997ರಲ್ಲಿ ಇಂಗ್ಲಿಷಲ್ಲಿ ಬಂದವು. ಈ ಹಾವಿನ ಕತೆಯೂ ಅದರಲ್ಲಿದೆ.

ಮಾವ: ಹಂಗಾದ್ರ ನಿನ್ನ ಥಾಂಪ್ಸನ್ ಸಾಹೇಬಗ ನನ್ನ ಓಟು. 1969ರ ಪ್ರಮಾಣವಚನ ಕಾಯ್ದೆ ಏನಂತೈತಿ? ಸಾಕ್ಷಿ ಕಟ್ಟಿ ಹತ್ತಿದಾಂವ ಸತ್ಯ ಹೇಳಬೇಕು, ಸಂಪೂರ್ಣ ಸತ್ಯ ಹೇಳಬೇಕು, ಸತ್ಯ ಬಿಟ್ಟು ಬ್ಯಾರೆ ಏನೂ ಹೇಳಬಾರದು. ಮೂರೂ ಬೇಕು. ಈ ಹುಡುಗಿ ಮಾತು ಸತ್ಯ, ಆದ್ರ ಸಂಪೂರ್ಣ ಅಲ್ಲ. ಕೇಳಿದವರು ಒಂದು ತಿಳಕೊಳ್ಳೋ ಹಂಗ, ತಾನು ಇನ್ನೊಂದು ಇಟ್ಟುಕೊಳ್ಳೋ ಹಂಗ ಆಡಿದ ಮಾತಿಗೆ ವಂಚನಿ ಅಂತನ ಹೆಸರು.

ಅತ್ತೆ: ಅಕಿ ಏನೂ ಇಟ್ಟುಕೊಂಡಿಲ್ಲರೀ. ರಾತ್ರಿ ಬರಾಂವ ಹಾವು ಅಂತ ಅಕಿಗೆ ಗೊತ್ತಾ ಇಲ್ಲ! ಅಕಿ ಪಾಲಿಗೆ ಅಂವ ಗಂಡನ. ಗೊತ್ತಿಲ್ಲದಾಕಿ ಹೆಂಗ ಮುಚ್ಚಿಡತಾಳ?

(ಮಾವ ಸುಮ್ಮನಾಗುತ್ತಾರೆ.)

ಸೊಸೆ: ಅತ್ತೆ, ಇದು ನನಗೆ ಹೊಳೆದೇ ಇರಲಿಲ್ಲ. ಇದೇ ನಂಬರಿನ ಬೇರೆ ಕತೆಗಳಲ್ಲಿ ಹಾಗಿಲ್ಲ. 62ನೆಯ ಜಾತಕ ಇದೆ, ಅಂಡಭೂತ ಜಾತಕ. ಅಲ್ಲಿ ಹೆಂಡತಿಗೆ ಅಗ್ನಿಪರೀಕ್ಷೆ. ಗಂಡನ ಕೈ ಬಿಟ್ಟರೆ ಬೇರೆ ಗಂಡಸಿನ ಕೈ ನನ್ನನ್ನು ಮುಟ್ಟಿಲ್ಲ ಅಂತ ಬೆಂಕಿಗೆ ಇಳಿಯೋಕೆ ಹೊರಡ್ತಾಳೆ. ಮೊದಲೇ ಹೇಳಿಟ್ಟಂತೆ ಪ್ರಿಯಕರ ಜನರ ನಡುವಿಂದ ಓಡಿಬಂದು, ಅಯ್ಯೋ ಇಂಥವಳನ್ನ ಸುಡ್ತೀರಾ ಅಂತ ಕೈ ಹಿಡೀತಾನೆ. ಈಗ ಇವನು ಮುಟ್ಟಿಬಿಟ್ಟ, ಇನ್ನು ಆಣೆ ಹೇಗೆ ಮಾಡಲಿ ಅಂತಾಳೆ. ಶುಕಸಪ್ತತಿಯಲ್ಲೂ ಉಂಟು. ಅಲ್ಲಿ ಪ್ರಿಯಕರ ಹುಚ್ಚನ ಹಾಗೆ ಬಂದು ಎಲ್ಲರೆದುರೇ ತಬ್ಬಿಕೊಳ್ತಾನೆ. ಇನ್ನೂ ದೂರ ಹೋದರೆ ಇಸೋಲ್ಡ್. 12ನೆಯ ಶತಮಾನದ ಫ್ರೆಂಚ್ ಕವಿ ಬೆರೂಲ್ ಹೇಳಿದ್ದು. ಪ್ರಿಯಕರ ಟ್ರಿಸ್ಟನ್ ಕುಷ್ಠರೋಗಿಯ ವೇಷದಲ್ಲಿ ಕಾದಿರ್ತಾನೆ. ಅವನ ಬೆನ್ನೇರಿ ಕೆಸರು ದಾಟಿ ಬಂದು, ನನ್ನನ್ನು ಹೊತ್ತ ಆ ರೋಗಿ, ಮತ್ತೆ ನನ್ನ ಗಂಡ, ಇವರಿಬ್ಬರನ್ನ ಬಿಟ್ಟರೆ ಯಾರೂ ನನ್ನ ಮೈಗೆ ತಾಗಿಲ್ಲ ಅಂತ ಆಣೆ ಇಡ್ತಾಳೆ. ಈ ಮೂವರೂ ಗೊತ್ತಿದ್ದೇ ಮಾಡಿದವರು.

ಮಾವ: ಧರ್ಮರಾಯನೂ ಅದನ್ನ ಮಾಡಿದ. ಅಶ್ವತ್ಥಾಮ ಸತ್ತ ಅನ್ನೋದನ್ನ ಗಟ್ಟಿಯಾಗಿ ಅಂದ, ಆನೆ ಅನ್ನೋದನ್ನ ದ್ರೋಣಗ ಕೇಳದ ಹಂಗ ಅಂದ. ನೆಲಾ ಬಿಟ್ಟು ನಾಕು ಬೆರಳು ಮ್ಯಾಲ ನಡೀತಿದ್ದ ರಥ ನೆಲಕ್ಕಿಳೀತು. ಆ ರಥ ಇಳೀಬೇಕಾದ್ದು ಖರೇನ, ಯಾಕಂದ್ರ ಅವಂಗ ಗೊತ್ತಿತ್ತು. (ತಡೆದು) ಇಕಿಗೆ ಗೊತ್ತಿರಲಿಲ್ಲ. ಉದ್ದೇಶ ಇಲ್ಲದಲ್ಲೆ ವಂಚನಿ ನಿಲ್ಲೂದಿಲ್ಲ. ನಾ ನನ್ನ ವಾದ ಹಿಂದಕ್ಕ ತೊಗೊಂಡೆ.

ಅತ್ತೆ: ಹಂಗಾರ ಆ ಕೆಂಪು ಅಕ್ಷರಾ ಅಳಸು.

ಸೊಸೆ: ಅಳಿಸ್ತೀನಿ. ಆದರೆ ಒಂದು ಮಾತು ಕೇಳಿ. ಆ ನಂಬರಿಲ್ಲದಿದ್ದರೆ ನಿಮ್ಮವ್ವನ ಕತೆಗೂ ಇಸೋಲ್ಡಳ ಕತೆಗೂ ನೆಂಟಸ್ತಿಕೆ ಇದೆ ಅಂತ ನನಗೆ ತಿಳೀತಾನೇ ಇರಲಿಲ್ಲ. ಧಾರವಾಡದ ಅಡುಗೆಮನೆಯಿಂದ ಪಾಲಿ ಗ್ರಂಥಕ್ಕೆ, ಅಲ್ಲಿಂದ ಫ್ರಾನ್ಸಿಗೆ ಹೋದ ದಾರಿ ಅದು. ಹೆಸರಿಡದೆ ಇದ್ದರೆ ಒಂದೊಂದು ಕತೆಯೂ ಒಂಟಿ. ಹೆಸರಿಟ್ಟ ಮೇಲೇ ಅದಕ್ಕೆ ಅಕ್ಕತಂಗಿಯರು ಕಾಣಿಸೋದು.

ಅತ್ತೆ: (ಸ್ವಲ್ಪ ಹೊತ್ತಿನ ಮೇಲೆ) ಅಷ್ಟು ದೂರದಾಗೂ ಹೆಂಗಸರನ್ನ ಬೆಂಕಿ ಮುಂದ ನಿಂದ್ರಸ್ಯಾರೇನು?

ಸೊಸೆ: ನಿಲ್ಲಿಸಿದ್ದಾರೆ. ಅದೇ ಇಸೋಲ್ಡಳ ಕತೆಯನ್ನ ಜರ್ಮನ್ ಕವಿ ಗಾಟ್‌ಫ್ರೀಡ್ ಹೇಳುವಾಗ ಅವಳ ಕೈಗೆ ಕಾದ ಕಬ್ಬಿಣ ಕೊಡ್ತಾರೆ.

ಅತ್ತೆ: ಹಂಗಾದ್ರ ಅಕ್ಕತಂಗೇರು ಅನ್ನೋದು ಖರೇ. ಆದ್ರ ನಿನ್ನ ಸಾಹೇಬ ಅವರನ್ನ ಯಾವ ಗುರುತಿನ ಮ್ಯಾಲ ಕೂಡಸ್ಯಾನ ನೋಡು. ಅವರು ಕೊಟ್ಟ ಉತ್ತರದ ಮ್ಯಾಲ. ಎಲ್ಲಾರೂ ಎರಡರ್ಥದ ಮಾತಾಡ್ಯಾರ, ಅದಕ್ಕ ಎಲ್ಲಾರೂ ಒಂದ ಜಾತಿ. ಅವರಿಗೆ ಪ್ರಶ್ನಿ ಯಾರು ಹಾಕಿದ್ರು? ಕಟ್ಟಿ ಮ್ಯಾಲ ಕೂತ ಗಂಡಸರು. ದಿನಾ ಸೂಳಿ ಮನಿಗೆ ಹೋಗಾಂವಗ ಒಬ್ಬರಾದ್ರೂ ಕೇಳ್ಯಾರ, ನೀ ಯಾರ್‍ಯಾರನ್ನ ಮುಟ್ಟಿ ಅಂತ? ಆ ಪ್ರಶ್ನಿಗೆ ನಿನ್ನ ಸೂಚಿಯೊಳಗ ನಂಬರ್ ಐತೇನು?

ಸೊಸೆ: ಎಚ್ ಅಧ್ಯಾಯದಲ್ಲಿ 400ರಿಂದ ಶುರುವಾಗೋದು ಶೀಲಪರೀಕ್ಷೆಗಳು. ಹುತ್ತಕ್ಕೆ ಕೈ ಹಾಕೋದು ಅಲ್ಲಿಗೆ ಸೇರುತ್ತೆ. ಅಂದರೆ ಒಂದೇ ಗಳಿಗೆಗೆ ಸೂಚಿಯಲ್ಲಿ ಎರಡು ಜಾಗ. ಪಂಚರ ಪಕ್ಕದಲ್ಲಿ ನಿಂತು ನೋಡಿದರೆ ಪರೀಕ್ಷೆ, ಅವಳ ಬಾಯಿ ಕಡೆ ನೋಡಿದರೆ ವಂಚನೆ.

ಅತ್ತೆ: ಅಕಿ ಕಡೆ ನಿಂತು ನೋಡಿದ್ರ?

ಸೊಸೆ: ಅದಕ್ಕೆ ಅಧ್ಯಾಯ ಇಲ್ಲ.

ಮಾವ: ನಮ್ಮಲ್ಲೆ ದಾವೆದಾಗ ಇಬ್ಬರ ಹೆಸರೂ ಇರತಾವ, ವಾದಿ, ಪ್ರತಿವಾದಿ. ಇಲ್ಲೆ ಒಬ್ಬಾಕಿ ಹೆಸರಿನ ಮ್ಯಾಲಷ್ಟ ಕೇಸ್ ನಡದೈತಿ. ಒಮ್ಮೆ ಹಚ್ಚಿದ ಹೆಸರು ಬಿಡಿಸೋದು ಸಣ್ಣ ಕೆಲಸಲ್ಲವಾ. ಭಾರತೀಯ ದಂಡಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂತು, 2024ರ ಜುಲೈ 1ರಿಂದ ಮೋಸಕ್ಕ 318ನೇ ಕಲಂ. ಆದ್ರ ಮೋಸಗಾರಗ ಮಂದಿ ಇವತ್ತಿಗೂ ಫೋರ್ ಟ್ವೆಂಟಿ ಅಂತನ ಅಂತಾರ.

ಸೊಸೆ: ಅದಕ್ಕೇ ನನಗೆ ರಾಜಶೇಖರ ನೆನಪಾಗೋದು. ಸಾವಿರದ ನೂರು ವರ್ಷದ ಹಿಂದೆ ‘ಕಾವ್ಯಮೀಮಾಂಸೆ’ ಬರೆದವನು. ಕವಿಗಳೆಲ್ಲ ಮತ್ತೆಮತ್ತೆ ಹೇಳೋದನ್ನ ಅವನೂ ಹೆಕ್ಕಿ ವಿಂಗಡಿಸಿದ. ಚಕೋರ ಬೆಳದಿಂಗಳು ಕುಡಿಯುತ್ತೆ, ಕೀರ್ತಿ ಬೆಳ್ಳಗಿರುತ್ತೆ, ಚಕ್ರವಾಕದ ಜೋಡಿ ರಾತ್ರಿ ಅಗಲಿರುತ್ತೆ. ಇಲ್ಲದ್ದನ್ನು ಇದೆ ಅನ್ನೋದು, ಇದ್ದದ್ದನ್ನು ಹೇಳದೆ ಬಿಡೋದು, ಎಲ್ಲೆಲ್ಲೋ ಇರೋದನ್ನ ಒಂದೇ ಕಡೆಗೆ ಕಟ್ಟುಹಾಕೋದು ಅಂತ ಮೂರು ಬಗೆ ಮಾಡಿದ. ಇಲ್ಲದ್ದನ್ನು ಹೇಳೋದು ಅಂತ ಅವನೇ ಒಪ್ಪಿಕೊಂಡ ಮೇಲೂ ಅದಕ್ಕೆ ಸುಳ್ಳು ಅಂತ ಹೆಸರಿಡಲಿಲ್ಲ. ‘ಕವಿಸಮಯ’ ಅಂದ. ಸಮಯ ಅಂದರೆ ಒಪ್ಪಂದ. ಹೇಳೋರಿಗೂ ಕೇಳೋರಿಗೂ ನಡುವೆ ಇರೋದು.

ಅತ್ತೆ: ಅಂವಾ ಕವಿ ಇದ್ದನೇನು?

ಸೊಸೆ: ನಾಟಕ ಬರೆದವನು. ‘ಕರ್ಪೂರಮಂಜರಿ’ ಅವನದೇ.

ಅತ್ತೆ: ಅದಕ್ಕ. ಕತಿ ಹೇಳೋರು ಇಟ್ಟ ಹೆಸರು ಬ್ಯಾರೆ ಇರತೈತಿ. ನಮ್ಮವ್ವನೂ ಹೆಸರು ಇಡತಿದ್ಲು. ಯಾವ ಕತಿ ಹೇಳಲಿ ಅಂದ್ರ ನಾವು, ‘ಹುತ್ತದಾಗ ಕೈ ಇಟ್ಟಾಕಿ ಕತಿ ಹೇಳು’ ಅಂತಿದ್ವಿ. ‘ಹೂವಿನ ಗಿಡ ಆದಾಕಿ ಕತಿ’, ‘ಹಂಚಿನ ಮುಖದಾಕಿ ಕತಿ’. ಏನು ಮಾಡಿದ್ಲು ಅನ್ನೋದರ ಮ್ಯಾಲ ಹೆಸರು. ಒಳ್ಳೇಕೀನೋ ಕೆಟ್ಟಾಕೀನೋ ಅನ್ನೋದು ಕತಿ ಮುಗದ ಮ್ಯಾಲ ಕೇಳಿದವರಿಗೆ ಬಿಟ್ಟದ್ದು.

ಸೊಸೆ: ಆ ಹೆಸರು ನನಗೂ ಇಷ್ಟ. ಹುತ್ತ ಅಂದ ಕೂಡಲೇ ಆ ಕತ್ತಲೆ ಬಾಯಿ ಕಣ್ಣ ಮುಂದೆ ಬರುತ್ತೆ, ಕೈ ಜುಮ್ ಅನ್ನುತ್ತೆ. ಆದರೆ ಇಸೋಲ್ಡಳ ಊರಲ್ಲಿ ಹುತ್ತ ಇಲ್ಲ, ಅತ್ತೆ. ನಿಮ್ಮವ್ವ ಇಟ್ಟ ಹೆಸರಿನಿಂದ ನಾನು ಅವಳ ಹತ್ತಿರ ಹೋಗೋಕೆ ಆಗಲ್ಲ. ಹೆಸರು ಕತೆಗೆ ಅಂಟಿಕೊಂಡಷ್ಟೂ ಬೇರೆ ಕತೆಗೆ ದಾಟೋದು ಕಷ್ಟ. ದಾಟಲಿ ಅಂತ ಬಿಡಿಸಿದರೆ ಕೆ 1513 ಆಗುತ್ತೆ. ನಾನು ನಿಂತಿರೋದು ಇಲ್ಲೇ.

ಮಾವ: ಎರಡೂ ಇರಲಿ ಅಂದ್ರ ಆಗೂದಿಲ್ಲೇನು?

ಸೊಸೆ: ಬರೀಬಹುದು, ಮಾವ. ಆದರೆ ಮುಂದೆ ಈ ಹಾಳೆ ತೆಗೆದವರು ಯಾವುದನ್ನ ಮೊದಲು ಓದ್ತಾರೋ ಕತೆ ಆ ಕಡೆಗೇ ವಾಲುತ್ತೆ. ಆಣೆಗೆ ಬರೋ ಹೊತ್ತಿಗೆ ‘ಓ, ವಂಚನೆ’ ಅಂತ ಮೊದಲೇ ಗೊತ್ತಿದ್ದರೆ ಅವಳ ಕೈ ನಡುಗಿದ್ದು ಕಾಣಿಸಲ್ಲ. ನನಗೇ ಕಾಣಿಸಲಿಲ್ಲ. ನಾಲ್ಕು ಸಲ ಓದಿದ್ದೆ. ಇವಳಿಗೆ ಗೊತ್ತಿತ್ತಾ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಅತ್ತೆ: ಉತ್ತರದ ಮ್ಯಾಲ ಬ್ಯಾಡ, ಪ್ರಶ್ನಿ ಮ್ಯಾಲ ಇಡು ಹೆಸರು. ಆ ಪ್ರಶ್ನಿ ಎಲ್ಲಾ ಊರಾಗೂ ಐತಿ ಅಂದಿ. ಹಂಗಾದ್ರ ಆ ಹೆಸರು ಇಲ್ಲೆ ಕುಂತಲ್ಲಿಂದ ನಿನ್ನ ಫ್ರಾನ್ಸಿಗೂ ಹೋಗತೈತಿ.

ಸೊಸೆ: (ಪೆನ್ನು ಎತ್ತಿಕೊಂಡು) ‘ಒಬ್ಬಳನ್ನೇ ಕೇಳಿದ್ದು’ ಅಂತ ಬರೀಲಾ?

ಅತ್ತೆ: ‘ಗಂಡನ್ನ ಯಾರೂ ಕೇಳಲಿಲ್ಲ’ ಅಂತ ಬರಿ.

(ಸೊಸೆ ಕೆಂಪು ಅಕ್ಷರವನ್ನು ಗೀಟು ಹಾಕಿ ಹೊಡೆಯುತ್ತಾಳೆ. ಆದರೂ ನಂಬರು ಓದಲು ಬರುತ್ತದೆ. ಅದರ ಕೆಳಗೆ ಅತ್ತೆಯ ಮಾತು ಬರೆಯುತ್ತಾಳೆ.)

ಸೊಸೆ: ಅತ್ತೆ, ಇನ್ನೊಂದು ಸಲ ಹೇಳ್ತೀರಾ? ಮೊದಲಿಂದ. ಆಣೆ ಮಾಡೋ ಮುಂಚೆ ನಿಮ್ಮವ್ವ ಎಲ್ಲಿ ನಿಲ್ಲಿಸ್ತಿದ್ದರು, ದನಿ ಹೇಗೆ ಇಳಿಸ್ತಿದ್ದರು, ಎಲ್ಲ ಬೇಕು ನನಗೆ. ಫೋನಿನಲ್ಲಿ ರೆಕಾರ್ಡ್ ಹಾಕ್ತೀನಿ.

ಅತ್ತೆ: ಇವರ ಮುಂದ ಆಗೂದಿಲ್ಲವಾ. ಗಂಡಸರು ಉಂಡೆದ್ದು ಹೊರಗ ಹೋದ ಮ್ಯಾಲ, ಒಲಿ ಮುಂದ ಕೂತು ಹೇಳತಿದ್ಲು ನಮ್ಮವ್ವ. ಅಣ್ಣ ಒಳಗ ಬಂದ್ರ ನಡುವ ನಿಂದ್ರಸಿ ‘ಉಪ್ಪು ತಾ’ ಅಂತಿದ್ಲು. ಮೊದಲ ನಿನಗ ಹೇಳಿದಾಗೂ ಇವರು ಇದ್ರಲ್ಲ ಆ ಖೋಲಿಯೊಳಗ, ಅದಕ್ಕ ಅರ್ಧಾ ಬಿಟ್ಟು ಹೇಳೇನಿ.

ಸೊಸೆ: ಅರ್ಧ ಬಿಟ್ಟಿದ್ದೀರಾ?

(ಮಾವ ಏಳುತ್ತಾರೆ. ಮೂಲೆಯ ಛತ್ರಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಾರೆ. ಅವರು ಗೇಟು ದಾಟಿದ ಸದ್ದು ಕೇಳುವವರೆಗೆ ಅತ್ತೆ ಕಾಯುತ್ತಾರೆ.)

ಅತ್ತೆ: ಒಂದೂರು ಇತ್ತು. ಆ ಊರಾಗ ಒಬ್ಬ ಹುಡುಗಿ ಇದ್ಲು. ಹೂಂ ಅನ್ನು.

ಸೊಸೆ: ಹೂಂ.