ಮುಂದಿನ ಪಾಳಿ ಯಾರದು?

ಹೋದ ವರ್ಷ ಮನೆಗೆ ಒಂದು ಹಳೇ ವಿಡಿಯೋ ಗೇಮ್ ಪೆಟ್ಟಿಗೆ ತಂದೆ. ಟೀವಿಗೆ ಸಿಗಿಸಿ ಆಡೋ ಪುಟ್ಟ ಡಬ್ಬಿ ಅಲ್ಲ. ತೊಂಬತ್ತರ ದಶಕದಲ್ಲಿ ಟಾಕೀಸಿನ ಪಕ್ಕ, ಬಸ್‌ಸ್ಟ್ಯಾಂಡಿನ ಹಿಂದೆ, ಪರದೆ ಇಳಿಬಿಟ್ಟ ಕತ್ತಲೆ ಅಂಗಡಿಗಳಲ್ಲಿ ಇರ್ತಿತ್ತಲ್ಲ, ನಿಂತುಕೊಂಡು ಆಡುವ ಬೀರುವಿನಂಥ ಪ್ಲೈವುಡ್ ಪೆಟ್ಟಿಗೆ, ಅದು. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಮಗುಚಿ ಬಿದ್ದಿತ್ತು. ಮನೆ ಬಾಗಿಲಿಗೆ ಬಂದಾಗ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಇದಕ್ಕೆ ದುಡ್ಡು ನೀವು ಕೊಟ್ಟಿರೋ, ಅವರು ಕೊಟ್ಟರೋ?"

ನಾಲ್ಕು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಇಲಿ ಕಡಿದ ವೈರು, ಉಬ್ಬಿದ ಕೆಪ್ಯಾಸಿಟರು, ಒಂದು ಬುಟ್ಟಿ ಜಿರಲೆ. ಹಳೇ ಪಿಕ್ಚರ್ ಟ್ಯೂಬು ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದನ್ನು ಇಳಿಸೋ ಧೈರ್ಯ ನನಗೆ ಬರಲಿಲ್ಲ, ಹಳೇ ಟೀವಿ ರಿಪೇರಿಯವರೊಬ್ಬರನ್ನು ಹುಡುಕಿ ಕರಕೊಂಡು ಬಂದೆ. ಜಾಯ್‌ಸ್ಟಿಕ್ಕು, ಮೈಕ್ರೋಸ್ವಿಚ್ಚು ಎಸ್.ಪಿ. ರೋಡಿನಲ್ಲಿ ಸಿಕ್ಕವು. ಆಟದ ಬೋರ್ಡು ಕೂರುವುದು 56 ಪಿನ್ನಿನ ಒಂದು ಕನೆಕ್ಟರಿನ ಮೇಲೆ. 1985ರಲ್ಲಿ ಜಪಾನಿನವರು ಮಾಡಿಕೊಂಡ 'ಜಾಮಾ' ಅನ್ನೋ ಕಟ್ಟಳೆ ಅದು. ಹಳೇ ಪೆಟ್ಟಿಗೆಗೆ ಹೊಸ ಬೋರ್ಡು ಹಾಕಿದರೆ ಹೊಸ ಆಟ ಸಿದ್ಧ. ನಾನು ಹಾಕಿದ್ದು ಮಾತ್ರ ಹಳೇ ಆಟವನ್ನೇ, 'ಮುಸ್ತಫಾ'. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂತ ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ. ಹಳದಿ ಟೋಪಿಯ ಮುಸ್ತಫಾ ಅದರ ನಾಲ್ಕು ಜನ ನಾಯಕರಲ್ಲಿ ಒಬ್ಬ ಅಷ್ಟೆ. ನಮ್ಮ ಹುಡುಗರು ಇಡೀ ಆಟಕ್ಕೇ ಅವನ ಹೆಸರಿಟ್ಟುಬಿಟ್ಟಿದ್ದರು.

ಪರದೆಯ ಮುಂದಿನ ಗಾಜು ಬಿಚ್ಚಿದ ದಿನ ಕೆಳಗಿನ ಸಂದಿಯಲ್ಲಿ ಮೂರು ನಾಣ್ಯ ಸಿಕ್ಕವು. ಮೂರೂ ಹಳೇ ಸ್ಟೀಲಿನ ಒಂದು ರೂಪಾಯಿ.

ಅವು ಅಲ್ಲಿಗೆ ಹೇಗೆ ಹೋದವು ಅಂತ ಆ ಅಂಗಡಿಗಳಲ್ಲಿ ನಿಂತವರಿಗೆ ಹೇಳಬೇಕಿಲ್ಲ. ಒಬ್ಬ ಆಡುತ್ತಿರುವಾಗ ಮುಂದೆ ಆಡುವವನು ತನ್ನ ನಾಣ್ಯವನ್ನು ಗಾಜಿನ ಅಂಚಿನ ಮೇಲೆ ಇಡುತ್ತಿದ್ದ. ಅವನ ನಂತರದವನು ಅದರ ಪಕ್ಕಕ್ಕೆ. "ಮುಂದಿನ ಪಾಳಿ ನಂದೈತಿ" ಅಂತ ಬಾಯಿ ಬಿಟ್ಟು ಹೇಳೋದೂ ಬೇಡ, ನಾಣ್ಯವೇ ಹೇಳುತ್ತಿತ್ತು. ಮೊದಲು ಯಾರು ಶುರು ಮಾಡಿದರೋ, ಯಾವ ಅಂಗಡಿಯ ಗೋಡೆಯ ಮೇಲೂ ಈ ನಿಯಮ ಬರೆದಿರಲಿಲ್ಲ. ಆದರೂ ಎಲ್ಲರೂ ಪಾಲಿಸುತ್ತಿದ್ದರು.

ಎಲ್ಲರೂ ಅಂದೆನಾ? ಇಲ್ಲ.

ದಾವಣಗೆರೆ, ಏಳನೇ ಕ್ಲಾಸಿನ ಬೇಸಿಗೆ ರಜ. ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ಭಾನುವಾರ ಮಾತ್ರ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು. ತರುತ್ತಿದ್ದದ್ದು ಒಂದೇ ರೂಪಾಯಿ. ಅದನ್ನು ಅಂಚಿನ ಮೇಲಿಟ್ಟು, ಬೇರೆಯವರ ಆಟ ನೋಡುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಅವತ್ತು ನಾನು ಮೂರನೇ ಸ್ಟೇಜಿನಲ್ಲಿ ಸತ್ತೆ. ತೆರೆಯ ಮೇಲೆ ಒಂಬತ್ತು, ಎಂಟು, ಏಳು ಅಂತ ಎಣಿಕೆ ಇಳಿಯುತ್ತಿತ್ತು. ಅಷ್ಟರೊಳಗೆ ಇನ್ನೊಂದು ನಾಣ್ಯ ಹಾಕಿದರೆ ಸತ್ತಲ್ಲಿಂದಲೇ ಮುಂದುವರಿಯಬಹುದು. ನನ್ನ ಜೇಬು ಖಾಲಿ. ಅವನು ಬಾಗಿಲ ಕಡೆ ತಿರುಗಿದ್ದ. ನಾಲ್ಕು, ಮೂರು. ನನ್ನ ಕೈ ಅಂಚಿಗೆ ಹೋಯಿತು.

ಅವನು ತಿರುಗಿ ನೋಡಿ ನೆಲದ ಮೇಲೆ ಹುಡುಕಿದ. ಬೆಂಚಿನ ಕೆಳಗೆ ಬಗ್ಗಿದ. ನನ್ನನ್ನೂ ಕೇಳಿದ, "ನೋಡಿದೇನು?" ನಾನು ತೆರೆಯಿಂದ ಕಣ್ಣು ಕೀಳದೆ ಇಲ್ಲ ಅಂದೆ. ಇಷ್ಟೇ. ಮೂವತ್ತು ವರ್ಷ ಆಗುತ್ತಾ ಬಂತು. ಯಾರಿಗೂ ಹೇಳಿರಲಿಲ್ಲ.

ಪೆಟ್ಟಿಗೆ ಸಿದ್ಧವಾದಾಗ ಉಳಿದಿದ್ದು ಒಂದು ಸಣ್ಣ ತೀರ್ಮಾನ, ನಾಣ್ಯದ ಕಿಂಡಿಯನ್ನು ಏನು ಮಾಡೋದು ಅಂತ. ನೋಡಿ, ಆ ಯಂತ್ರಕ್ಕೆ ದುಡ್ಡು ಅಂದರೆ ಗೊತ್ತಿಲ್ಲ. ನಾಣ್ಯ ಬೀಳುವಾಗ ಒಂದು ಪುಟ್ಟ ಸ್ವಿಚ್ಚಿಗೆ ತಾಗುತ್ತದೆ, ಅದಕ್ಕೆ ಗೊತ್ತಿರೋದು ಅಷ್ಟೇ. ಆ ಸ್ವಿಚ್ಚಿನ ವೈರಿಗೆ ಒಂದು ಗುಂಡಿ ಸೇರಿಸಿದರೆ ಒತ್ತಿದಷ್ಟೂ ಸಲ ಆಟ. ನಾನೂ ಹಾಗೇ ಮಾಡಿದೆ. ಮಗ ಒಂದೇ ಸಂಜೆಯಲ್ಲಿ ಎಂಟೂ ಸ್ಟೇಜು ಮುಗಿಸಿದ. ಸತ್ತಾಗೆಲ್ಲ ಗುಂಡಿ ಒತ್ತಿದ. "ಆಯ್ತು, ಮುಗೀತು" ಅಂದು ಎದ್ದು ಹೋದವನು ಮಾರನೇ ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಆ ವಯಸ್ಸಿನಲ್ಲಿ ನಾಲ್ಕನೇ ಸ್ಟೇಜಿನ ಮುಖ ನೋಡಲು ಕದ್ದಿದ್ದೆ.

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದ ಮಾತು ನನ್ನ ಬಾಯಿಗೂ ಬಂತು. ಗುಂಡಿ ಕಿತ್ತುಹಾಕಿದೆ. ಆದರೆ ಆ ಮಾತು ಗಂಟಲಲ್ಲೇ ಚುಚ್ಚಿತು. ಕೊರತೆಯಿಂದಲೇ ರುಚಿ ಅನ್ನೋದು ಕೊರತೆ ದಾಟಿ ಬಂದವರ ಮಾತು ಕಣ್ರೀ. ಪಂಕ್ಚರ್ ಅಂಗಡಿಯ ಹುಡುಗನಿಗೆ ವಾರಕ್ಕೊಂದೇ ರೂಪಾಯಿ ಇದ್ದದ್ದರಿಂದ ಆಟ ಹೆಚ್ಚು ರುಚಿಸುತ್ತಿತ್ತು ಅಂತ ಅವನ ಎದುರು ನಿಂತು ಹೇಳೋಕೆ ನನಗೆ ಮುಖವಿದೆಯೇ?

ಹಾಗಾದರೆ ಮಗನ ಆಟದಲ್ಲಿ ಇಲ್ಲದೇ ಹೋಗಿದ್ದು ಏನು? ಯೋಚಿಸಿದಂತೆಲ್ಲ ನನಗನ್ನಿಸಿದ್ದು ಇಷ್ಟು. ಆ ನಾಣ್ಯ ಎರಡು ಕೆಲಸ ಮಾಡುತ್ತಿತ್ತು. ಕಿಂಡಿಯೊಳಗೆ ಬಿದ್ದಾಗ ಅದು ಬೆಲೆ. ಬೆಲೆ ನಮ್ಮನ್ನು ಬೇರೆ ಮಾಡುತ್ತಿತ್ತು, ಇದ್ದವನು ಆಡುತ್ತಿದ್ದ, ಇಲ್ಲದವನು ನೋಡುತ್ತಿದ್ದ. ಗಾಜಿನ ಅಂಚಿನ ಮೇಲಿದ್ದಾಗ ಅದು ಪಾಳಿ. ಅಲ್ಲಿ ಸಾಹುಕಾರರ ಮಗನ ರೂಪಾಯಿ, ಪಂಕ್ಚರ್ ಹುಡುಗನ ರೂಪಾಯಿ ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಮೊದಲು ಇಟ್ಟವನು ಮೊದಲು. ಮನೆಯಲ್ಲಿ ಗುಂಡಿ ಒತ್ತಿ ಆಡುವವನ ಬೆನ್ನ ಹಿಂದೆ ಯಾರೂ ಇಲ್ಲ. ಇಲ್ಲದೇ ಹೋಗಿದ್ದು ದುಡ್ಡಲ್ಲ, ಮುಂದಿನವನು.

ನಾನು ಕದ್ದದ್ದೂ ಒಂದು ರೂಪಾಯಿ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ರೂಪಾಯಿಯಾಗಿದ್ದರೆ ಮರುದಿನ ವಾಪಸ್ ಇಡಬಹುದಿತ್ತು. ಕದ್ದದ್ದು ಅವನ ಪಾಳಿ. ಆ ಭಾನುವಾರ ಮತ್ತೆ ಬರೋದಿಲ್ಲ. ಟ್ಯೂಬು, ಬೋರ್ಡು, ಬಣ್ಣ ಎಲ್ಲವನ್ನೂ ಮೊದಲಿನ ಹಾಗೆ ಮಾಡಬಹುದು. ಇದೊಂದನ್ನು ಮಾಡೋಕಾಗಲ್ಲ. ಮಾಡಿದೆ ಅಂದುಕೊಂಡರೆ ಅದು ನನಗೆ ನಾನೇ ಹೇಳಿಕೊಳ್ಳುವ ಎರಡನೇ ಸುಳ್ಳು.

ಸಂದಿಯಲ್ಲಿ ಸಿಕ್ಕ ಮೂರು ನಾಣ್ಯಗಳನ್ನು ಇದ್ದ ಜಾಗದಲ್ಲೇ ಇಟ್ಟು ಗಾಜು ಮುಚ್ಚಿದೆ, ಅವು ನನ್ನವಲ್ಲ. ಅವು ಜಾರಿ ಬಿದ್ದ ದಿನಗಳಲ್ಲಿ ಕದಿಯದ ಯಾವ ಹುಡುಗನ ಮೇಲೆ ಅನುಮಾನ ಬಂದಿತ್ತೋ! ಇನ್ನು ಯಾರದೂ ಬೀಳದಿರಲಿ ಅಂತ ಸಂದಿಗೆ ಒಂದು ಮರದ ಪಟ್ಟಿ ಹೊಡೆದೆ.

ಈಗ ಪೆಟ್ಟಿಗೆ ಹಾಲಿನಲ್ಲಿ ಬಾಗಿಲ ಪಕ್ಕ ಇದೆ. ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿಡುತ್ತೇವೆ. ಓಣಿಯ ಮಕ್ಕಳು ಬರುತ್ತಾರೆ, ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ನರ ಮಕ್ಕಳಿಬ್ಬರೂ. ಸ್ಟೂಲಿನ ಮೇಲೊಂದು ಬಟ್ಟಲಲ್ಲಿ ಹಳೇ ರೂಪಾಯಿಗಳಿವೆ. ಬಂದವರೆಲ್ಲ ಒಂದೊಂದು ತಗೋಬಹುದು, ಆಟ ಮುಗಿದ ಮೇಲೆ ಇನ್ನೊಂದು ತಗೊಂಡು ಸಾಲಿನ ಕೊನೆಗೆ ಇಡಬೇಕು. ಆ ಕಿಂಡಿ 25 ಮಿಲಿಮೀಟರಿನ ಹಳೇ ನಾಣ್ಯದ ಅಳತೆಯದು. 2011ರಿಂದ ಬಂದ ಒಂದು ರೂಪಾಯಿ 22 ಮಿಲಿಮೀಟರಿಗೆ ಇಳಿದಿದೆ, ಹಾಕಿದರೆ ಉಗುಳಿಬಿಡುತ್ತದೆ. ಹಾಗಾಗಿ ಜೇಬಿನಲ್ಲಿ ಎಷ್ಟಿದ್ದರೂ ಇಲ್ಲಿ ನಡೆಯಲ್ಲ.

ಮೊನ್ನೆ ಮಗ ಮುಖ ಊದಿಸಿಕೊಂಡು ಬಂದ. "ಅಪ್ಪಾ, ನಮ್ಮನೆ ಮಷೀನು. ನಾನ್ಯಾಕೆ ಕಾಯಬೇಕು?"

ಸರಿಯಾದ ಪ್ರಶ್ನೆಯೇ. ದುಡ್ಡು ಕೊಟ್ಟವನು ನಾನು, ಬಿಲ್ಲೂ ಇದೆ. ಏನು ಹೇಳಬೇಕು ಅಂತ ತೋಚದೆ, "ನಿನ್ನ ಕಾಯಿನ್ ಎಲ್ಲಿದೆ ನೋಡು" ಅಂದೆ. ಹೋಗಿ ನೋಡಿದ. ಅಂಚಿನ ಮೇಲೆ ಮೂರನೆಯದು ಅವನದು. ಗೊಣಗುತ್ತಲೇ ನಿಂತ. ಆಡುತ್ತಿದ್ದವಳು ವಾಚ್‌ಮನ್ನರ ಮಗಳು. ಸ್ವಲ್ಪ ಹೊತ್ತಿಗೆ, "ಅಕ್ಕಾ, ಹಿಂದೆ ಬಂದ ನೋಡು, ಹಿಂದೆ!" ಅಂತ ಅವನೇ ಕೂಗುತ್ತಿದ್ದ.

ನಾನೂ ಬಟ್ಟಲಿಂದ ಒಂದು ನಾಣ್ಯ ತಗೊಂಡು ಅವನದರ ಪಕ್ಕಕ್ಕಿಟ್ಟು, ಹಿಂದೆ ನಿಂತುಕೊಂಡೆ.