ಕಾಲ ಮತ್ತು ಪರಿಮಳ

ಸುಗಂಧ ತೈಲದ ಔಷಧಗುಣವನ್ನು ಕುಂದಿಸುವುದು ಕಾಲವೇ? ವೈಶೇಷಿಕ ದರ್ಶನದಲ್ಲಿ ಕಾಲವೂ ಒಂದು ದ್ರವ್ಯ, ಹುಟ್ಟುವ ಎಲ್ಲಕ್ಕೂ ನಿಮಿತ್ತ ಕಾರಣ. ಇನ್ನು ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆಯ ಪ್ರಕಾರ ಔಷಧೀಯ ತುಪ್ಪ, ತೈಲಗಳು ಹಳತಾದರೆ ಸತ್ವಹೀನ. ಹುದುಗಿಸಿ ಮಾಡಿದ ಆಸವಗಳಾದರೋ ಹಳತಾದರೆ ಗುಣಯುಕ್ತ. ಅಲ್ಲಿನ ತೈಲ ಎಳ್ಳೆಣ್ಣೆಯಂಥದು, ಬಟ್ಟಿ ಇಳಿಸಿದ್ದಲ್ಲ ಎಂಬುದನ್ನು ಮರೆಯಬಾರದು.

ಬಟ್ಟಿ ಇಳಿಸಿದ ಪರಿಮಳಕ್ಕೆ ಅತ್ತರನ್ನು ನೋಡೋಣ. ದೆಹಲಿಯ ದರೀಬಾ ಕಲಾನ್‌ನಲ್ಲಿ 1816ರಿಂದ ಅತ್ತರು ಮಾರುತ್ತಿರುವ ಗುಲಾಬ್‌ಸಿಂಗ್ ಜೋಹರಿಮಲ್ ಮನೆತನದ ಅಂಗಡಿಯಿದೆ. ಸಾಂಪ್ರದಾಯಿಕ ಅತ್ತರಿಗೆ ಆಧಾರವಾದ ಶ್ರೀಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ವರ್ಷಗಟ್ಟಲೆ ಬಾಳುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಮಾತ್ರ ಗಾಳಿಯ ಆಮ್ಲಜನಕದೊಡನೆ ಬೆರೆತು, ಚರ್ಮಕ್ಕೆ ಅಲರ್ಜಿ ತರುವ ಹೈಡ್ರೊಪೆರಾಕ್ಸೈಡ್ ಆಗುತ್ತದೆ. ದೆಹಲಿಯ 45 ಡಿಗ್ರಿ ಬೇಸಿಗೆ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಗಾಳಿ, ಬೆಳಕು, ಶಾಖವನ್ನು ತಡೆದ ಗಾಜಿನ ಸೀಸೆಯಲ್ಲೂ ಕಾಲ ಸಾಗುತ್ತದೆ, ಎಣ್ಣೆ ಮಾತ್ರ ಬಹಳ ನಿಧಾನವಾಗಿ ಕೆಡುತ್ತದೆ.