ಗೋಡೆ ನಂದು, ಚಿತ್ರ ಯಾರದ್ದು?

ಮನೆಯ ಒಂದು ರೂಮನ್ನು ಪೇಂಟಿಂಗ್ ಮಾಡೋಕೆ ಅಂತಲೇ ಬಿಟ್ಟುಕೊಂಡಿದ್ದೇನೆ. ಗೋಡೆ ಮೇಲೆ ವಾರ್ಲಿ ಇರಲಿ ಅನ್ನೋ ಆಸೆ. ಕೆಮ್ಮಣ್ಣಿನ ಬಣ್ಣಕ್ಕೆ ಬಿಳಿ ಗೆರೆ, ಎರಡು ತ್ರಿಕೋನ ಸೇರಿದರೆ ಒಬ್ಬ ಮನುಷ್ಯ. ಸ್ಟಿಕರ್ ಆನ್‌ಲೈನಲ್ಲೇ ಸಿಗುತ್ತೆ. ಆದರೆ ಚೆಂದ ಕಂಡದ್ದನ್ನೆಲ್ಲ ನನ್ನ ಗೋಡೆಗೆ ತಂದುಕೊಳ್ಳಬಹುದಾ?

ಮಹಾರಾಷ್ಟ್ರದ ಪಾಲ್ಘರ್ ಕಡೆಯ ವಾರ್ಲಿಗಳಲ್ಲಿ ಮದುವೆ ಮನೆಯ ಗೋಡೆಗೆ ಮುತ್ತೈದೆಯರು ಅಕ್ಕಿ ಹಿಟ್ಟಿನಿಂದ ‘ಚೌಕ’ ಬರೆಯುತ್ತಾರೆ. ಅದರೊಳಗೆ ಪಾಲಘಾಟ್ ದೇವಿ. ನಮ್ಮ ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರಕ್ಕೂ ಮದುವೆಗೂ ಇಂಥದ್ದೇ ನಂಟು. ಅದನ್ನು ಯಾವುದೋ ಊರಿನ ಕೆಫೆಯಲ್ಲಿ ‘ಡಿಸೈನ್’ ಅಂತ ಅಂಟಿಸಿದ್ದು ಕಂಡರೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಕಸಿವಿಸಿ ಆಗೋದಿಲ್ವಾ?

ಹಾಗಂತ ಯಾರೂ ಮುಟ್ಟಲೇಬಾರದು ಅಂತಲೂ ಅಲ್ಲ. ಹೆಂಗಸರ ಈ ಚಿತ್ರಕಲೆಯನ್ನು 1970ರ ದಶಕದಲ್ಲಿ ಮದುವೆ ಗೋಡೆಯಿಂದಾಚೆ ತಂದವರು ಜಿವ್ಯಾ ಸೋಮಾ ಮ್ಹಾಶೆ, ಅದೇ ಸಮುದಾಯದ ಗಂಡಸು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಪ್ರದಾಯ ಬದಲಾಗುತ್ತೆ, ನಿಜ. ಆದರೆ ಅಲ್ಲಿ ಬರೆದವರಿಗೆ ಹೆಸರಿತ್ತು. ಸ್ಟಿಕರಿನ ಮೇಲೆ ಯಾರ ಹೆಸರೂ ಇಲ್ಲ.

ಸ್ಫೂರ್ತಿ ಅನ್ನೋದು ಒಂಥರಾ ಸಾಲ. ಯಾರಿಂದ ತಂದದ್ದು ಅಂತ ಗೊತ್ತಿಲ್ಲದಿದ್ದರೆ ತೀರಿಸೋದಾದರೂ ಯಾರಿಗೆ? ಅದಕ್ಕೇ ಗೋಡೆಗೆ ಕೆಮ್ಮಣ್ಣಿನ ಬಣ್ಣ ನಾನೇ ಬಳೀತೀನಿ. ಚಿತ್ರವನ್ನು ಮಾತ್ರ ಒಬ್ಬ ವಾರ್ಲಿ ಕಲಾವಿದೆಯಿಂದ, ಅವರು ಹೇಳಿದ ಬೆಲೆಗೆ ಕೊಂಡು, ಅವರ ಹೆಸರಿನ ಜೊತೆಗೇ ತೂಗುಹಾಕ್ತೀನಿ. ಚೌಕ ಬೇಡ. ನನ್ನ ರೂಮಲ್ಲಿ ಯಾರ ಮದುವೆಯೂ ನಡೀತಿಲ್ಲವಲ್ಲ!